ನಿಂಬೆಹಣ್ಣು, ನಂಬಿಕೆ, ನಿಯತ್ತು

ವಿಜಯವಾಡದ ಆಟೋನಗರದಲ್ಲಿ ದುರಸ್ತಿ ಮುಗಿಸಿಕೊಂಡ ಲಾರಿಯೊಂದು ಹೊರಡುವುದನ್ನು ನೋಡದವರು ನಮ್ಮ ಓದುಗರಲ್ಲಿ ಯಾರೂ ಇರಲಾರರು. ಎಂಜಿನ್ನು ಬಿಚ್ಚಿ ಕಟ್ಟಿದ್ದಾಗಿದೆ, ಬ್ರೇಕು ಸರಿಮಾಡಿದ್ದಾಗಿದೆ, ಮೇಸ್ತ್ರಿಯ ಲೆಕ್ಕ ಚುಕ್ತವಾಗಿದೆ. ಆದರೂ ಗಾಡಿ ಕದಲುವುದಿಲ್ಲ. ಕ್ಲೀನರ್ ಹುಡುಗ ಓಡಿಹೋಗಿ ನಿಂಬೆಹಣ್ಣು ತರಬೇಕು, ಚಕ್ರಗಳ ಕೆಳಗೆ ಇಡಬೇಕು, ಕರ್ಪೂರ ಬೆಳಗಬೇಕು, ಮುಂದುಗಡೆ ಹಸಿಮೆಣಸಿನಕಾಯಿ-ನಿಂಬೆಯ ದಾರ ಕಟ್ಟಬೇಕು. ಹಿಂದುಗಡೆ ಹಳೆಯ ಚಪ್ಪಲಿಯೊಂದು ಮೊದಲೇ ತೂಗುತ್ತಿರುತ್ತದೆ. ಹಣ್ಣು ಚಕ್ರದಡಿ ಸಿಕ್ಕಿ ಪಚಕ್ಕೆಂದು ಅಪ್ಪಚ್ಚಿಯಾದ ಮೇಲೆಯೇ ಡ್ರೈವರನ ಮುಖದಲ್ಲಿ ಕಳೆ. ವಿಶಾಖಪಟ್ಟಣದ ಆಟೋನಗರದಲ್ಲಿಯೂ ಇದೇ ಕಥೆ. ನಮ್ಮ ದಾವಣಗೆರೆ, ಹುಬ್ಬಳ್ಳಿಗಳಲ್ಲಿಯೂ ಇದೇ.

ಇದನ್ನು ಕಂಡು ನಗುವುದು ಸುಲಭ. ಆದರೆ ನಿದ್ದೆಗೆಟ್ಟು, ಟನ್ನುಗಟ್ಟಲೆ ಸರಕು ಹೊತ್ತು, ರಾತ್ರಿಯಲ್ಲಿ ಘಾಟಿ ಇಳಿಯಬೇಕಾದವನ ಎದೆಯ ಅಳುಕು ಮನೆಯಲ್ಲಿ ಫ್ಯಾನಿನ ಕೆಳಗೆ ಕುಳಿತು ನಗುವವನಿಗೆ ತಿಳಿಯದು. ಅದೂ ಅಲ್ಲದೆ, ಆ ಡ್ರೈವರು ದಡ್ಡನಲ್ಲ. ಬ್ರೇಕು ಬೇಡ, ನಿಂಬೆಹಣ್ಣೇ ಸಾಕು ಎಂದವನನ್ನು ಯಾರೂ ಕಂಡಿಲ್ಲ. ಬ್ರೇಕಿಗೆ ಸಾವಿರಗಟ್ಟಲೆ ಕೊಟ್ಟ ಮೇಲೆ ನಿಂಬೆಹಣ್ಣಿಗೆ ಹತ್ತಿಪ್ಪತ್ತು ರೂಪಾಯಿ ಕೊಡುತ್ತಾನೆ. ಎರಡನ್ನೂ ನಂಬುತ್ತಾನೆ. ಆದರೆ ಎರಡು ನಂಬಿಕೆಗಳಿಗೂ ಒಂದು ವ್ಯತ್ಯಾಸವಿದೆ. ಬ್ರೇಕು ಹಿಡಿಯುತ್ತದೆಯೋ ಇಲ್ಲವೋ ಎಂದು ಆಟೋನಗರದ ರಸ್ತೆಯಲ್ಲೇ ಒಮ್ಮೆ ಓಡಿಸಿ ನೋಡುತ್ತಾನೆ. ನಿಂಬೆಹಣ್ಣನ್ನು ಮಾತ್ರ ಯಾರೂ ಪರೀಕ್ಷಿಸಿ ನೋಡುವುದಿಲ್ಲ. ಪರೀಕ್ಷಿಸಬೇಕಾದರೆ ಒಂದು ಸಲ ಅದನ್ನು ಇಡದೆ ಹೊರಡಬೇಕು. ಆ ಧೈರ್ಯ ಯಾರಿಗೆ?

ಮನಸ್ಸು ಇಂಥ ನಂಬಿಕೆಯನ್ನು ಕಟ್ಟಿಕೊಳ್ಳುವ ಬಗೆಯನ್ನು 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳಲ್ಲಿ ನೋಡಲು ಹೊರಟ. ಎಂಟು ಹಸಿದ ಪಾರಿವಾಳಗಳನ್ನು ಒಂದೊಂದಾಗಿ ಪೆಟ್ಟಿಗೆಯಲ್ಲಿಟ್ಟು, ಅವು ಏನು ಮಾಡಿದರೂ ಮಾಡದಿದ್ದರೂ, ಗಡಿಯಾರದ ಲೆಕ್ಕಕ್ಕೆ ಸರಿಯಾಗಿ ಕಾಳು ಬರುವಂತೆ ಏರ್ಪಡಿಸಿದ. ಕೆಲವು ದಿನಗಳಲ್ಲಿ ಒಂದು ಹಕ್ಕಿ ಪೆಟ್ಟಿಗೆಯಲ್ಲಿ ಎಡಸುತ್ತು ಸುತ್ತತೊಡಗಿತು. ಇನ್ನೊಂದು ಪೆಟ್ಟಿಗೆಯ ಮೇಲಿನ ಮೂಲೆಗೆ ತಲೆ ಚಾಚಿತು. ಮತ್ತೊಂದು ಗಡಿಯಾರದ ಲೋಲಕದಂತೆ ತೂಗಾಡಿತು. ಎಂಟರಲ್ಲಿ ಆರು ಹಕ್ಕಿಗಳು ಹೀಗೆ ಒಂದೊಂದು ‘ವ್ರತ’ ಹಿಡಿದವು. ಕಾಳು ಬರುವ ಮುನ್ನ ತಾನು ಏನು ಮಾಡುತ್ತಿತ್ತೋ ಅದರಿಂದಲೇ ಕಾಳು ಬಂತೆಂದು ಹಕ್ಕಿ ಹಿಡಿದುಕೊಂಡಿತೆಂಬುದು ಸ್ಕಿನ್ನರನ ವಿವರಣೆ. ಮುಂದೆ 1971ರಲ್ಲಿ ಇದೇ ಪ್ರಯೋಗವನ್ನು ಮತ್ತೆ ಮಾಡಿದವರು, ಇವು ಹಸಿದ ಹಕ್ಕಿ ಕಾಳಿಗಾಗಿ ಕಾಯುವಾಗ ಸಹಜವಾಗಿ ಮಾಡುವ ಚೇಷ್ಟೆಗಳೇ ಇರಬಹುದೆಂದು ವಾದಿಸಿದರು. ಹಕ್ಕಿಯ ಮನಸ್ಸು ಹೇಗಾದರೂ ಇರಲಿ. ಮನುಷ್ಯನಂತೂ ನಿಂಬೆಹಣ್ಣಿಟ್ಟು ಹೊರಟ ನೂರು ಪಯಣ ಸುಖವಾಗಿ ಮುಗಿದರೆ ನೂರನ್ನೂ ನಿಂಬೆಹಣ್ಣಿನ ಲೆಕ್ಕಕ್ಕೆ ಬರೆಯುತ್ತಾನೆ. ನೂರ ಒಂದನೆಯದು ಕೆಟ್ಟರೆ? ಹಣ್ಣು ಕೊಳೆತಿತ್ತು, ಇಲ್ಲವೆ ಹೊರಟ ಗಳಿಗೆ ಸರಿಯಿರಲಿಲ್ಲ. ನಂಬಿಕೆಗೆ ಲಾಭವೇ ಹೊರತು ನಷ್ಟವಿಲ್ಲ.

ಇದು ಓದುಬರಹ ಇಲ್ಲದವರ ದೋಷವೆಂದು ಯಾರಾದರೂ ಅಂದುಕೊಂಡರೆ ಈ ಸಣ್ಣ ಆಟವನ್ನು ಮನೆಯಲ್ಲಿ ಮಕ್ಕಳೊಡನೆ, ಬೇಕಾದರೆ ಭಾವಮೈದುನನೊಡನೆ, ಆಡಿ ನೋಡಬಹುದು. “2, 4, 6 ಎಂಬ ಮೂರು ಅಂಕಿಗಳು ನನ್ನ ಮನಸ್ಸಿನಲ್ಲಿರುವ ಒಂದು ನಿಯಮಕ್ಕೆ ಒಪ್ಪುತ್ತವೆ. ಆ ನಿಯಮ ಯಾವುದು? ನೀನು ಬೇರೆ ಮೂರು ಮೂರು ಅಂಕಿಗಳನ್ನು ಹೇಳುತ್ತಾ ಹೋಗು, ನಿಯಮಕ್ಕೆ ಒಪ್ಪುವುದೋ ಇಲ್ಲವೋ ಎಂದಷ್ಟೇ ಹೇಳುತ್ತೇನೆ,” ಎನ್ನಿ. ಹೆಚ್ಚಿನವರು 8, 10, 12 ಎನ್ನುತ್ತಾರೆ, ಒಪ್ಪಿತು. 20, 22, 24, ಅದೂ ಒಪ್ಪಿತು. “ಎರಡೆರಡು ಹೆಚ್ಚುವ ಅಂಕಿಗಳು!” ಎಂದು ಗೆದ್ದವರಂತೆ ಕೂಗುತ್ತಾರೆ. ತಪ್ಪು. ನಿಯಮ ಇಷ್ಟೇ: ಯಾವುದೇ ಏರುವ ಮೂರು ಅಂಕಿಗಳು. 1, 7, 50 ಎಂದಿದ್ದರೂ ಸರಿಯೇ. ಇಂಗ್ಲೆಂಡಿನಲ್ಲಿ ಪೀಟರ್ ವ್ಯಾಸನ್ ಎಂಬಾತ ಈ ಆಟವನ್ನು 1960ರಲ್ಲಿ 29 ಮಂದಿಗೆ ಒಡ್ಡಿದಾಗ ಒಂದು ತಪ್ಪೂ ಇಲ್ಲದೆ ನಿಯಮವನ್ನು ಮುಟ್ಟಿದವರು ಆರೇ ಮಂದಿ. ಅವರೆಲ್ಲ ಕಾಲೇಜು ವಿದ್ಯಾರ್ಥಿಗಳು. ತನ್ನ ಊಹೆಯನ್ನು ಸುಳ್ಳುಮಾಡಬಲ್ಲ ಅಂಕಿಯೊಂದನ್ನು ತಾನೇ ಹೇಳಿನೋಡುವ ಬುದ್ಧಿ ಅವರಲ್ಲಿ ಬಹಳ ಮಂದಿಗೆ ಹೊಳೆಯಲಿಲ್ಲ. ಹೌದೆನ್ನಿಸಿಕೊಳ್ಳುವುದರಲ್ಲಿ ಮನಸ್ಸಿಗೆ ಅಷ್ಟು ಸುಖ.

ಇಲ್ಲವೆನ್ನಿಸಿಕೊಳ್ಳಲು ಹೆದರದ ಒಬ್ಬ ಮನುಷ್ಯರು ಆಟೋನಗರದ ಪಕ್ಕದಲ್ಲೇ, ಪಟಮಟದಲ್ಲಿ, ಬಾಳಿಹೋದರು. ಬೆಂಜ್ ಸರ್ಕಲ್ಲಿನ ಕಡೆ ಹೋಗಿಬರುವಾಗ ನಾಸ್ತಿಕ ಕೇಂದ್ರವೆಂಬ ಹೆಸರನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಅದನ್ನು ಕಟ್ಟಿದವರು ಗೋಪರಾಜು ರಾಮಚಂದ್ರರಾಯರು. ಜನ ಕರೆಯುತ್ತಿದ್ದುದು ಗೋರಾ ಎಂದು. 1902ರಲ್ಲಿ ಹುಟ್ಟಿದವರು, ಸಂಪ್ರದಾಯಸ್ಥ ಬ್ರಾಹ್ಮಣ ಕುಟುಂಬದವರು, ಸಸ್ಯಶಾಸ್ತ್ರದ ಅಧ್ಯಾಪಕರು. ಜನಿವಾರ ತೆಗೆದಿಟ್ಟದ್ದಕ್ಕೆ ಮನೆ ಬಿಡಬೇಕಾಯಿತು. ದೇವರ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಮುಚ್ಚಿಡದೆ ಬರೆದದ್ದಕ್ಕೆ 1933ರಲ್ಲಿ ಕಾಕಿನಾಡದ ಕಾಲೇಜಿನ ಕೆಲಸ ಹೋಯಿತು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ಕೇಂದ್ರವನ್ನು ತೆರೆದರು. 1947ರಲ್ಲಿ ಅದು ವಿಜಯವಾಡಕ್ಕೆ ಬಂತು.

ಅವರ ಮಡದಿ ಸರಸ್ವತಿ ಗೋರಾ ಅವರ ಧೈರ್ಯವೇ ಹೆಚ್ಚಿನದೆಂದು ನನಗೆ ತೋರುತ್ತದೆ. ಗ್ರಹಣವನ್ನು ಬಸುರಿಯರು ನೋಡಬಾರದು, ನೋಡಿದರೆ ಮಗು ಊನವಾಗುವುದೆಂಬ ಮಾತು ನಮ್ಮ ಮನೆಗಳಲ್ಲಿಯೂ ಇದೆ. ಬೀದಿಯಲ್ಲಿ ಭಾಷಣ ಮಾಡುವುದು ಗಂಡಸಿಗೆ ಸುಲಭ. ಸರಸ್ವತಮ್ಮನವರು ತಾವೇ ಗರ್ಭಿಣಿಯಾಗಿದ್ದಾಗ ಗ್ರಹಣವನ್ನು ನೋಡಿದರು. ಮಗು ಸುಖವಾಗಿ ಹುಟ್ಟಿತು. ದೆವ್ವದ ಮನೆಯೆಂದು ಜನ ಬಿಟ್ಟಿದ್ದ ಮನೆಯಲ್ಲಿ ದಂಪತಿಗಳು ಸಂಸಾರ ಹೂಡಿದ್ದೂ ಉಂಟು. ಮಕ್ಕಳಿಗೆ ಇಟ್ಟ ಹೆಸರುಗಳೂ ಹಾಗೆಯೇ: ಉಪ್ಪಿನ ಸತ್ಯಾಗ್ರಹದ 1930ರಲ್ಲಿ ಹುಟ್ಟಿದವನು ಲವಣಂ, ಮಹಾಯುದ್ಧ ಶುರುವಾದ 1939ರಲ್ಲಿ ಹುಟ್ಟಿದವನು ಸಮರಂ. ಪಂಚಾಂಗ ನೋಡುವ ಗೋಜೇ ಇಲ್ಲ!

ಈ ಕೇಂದ್ರದವರು ಜನರೆದುರಿಗೆ ಮಾಡಿತೋರಿಸುತ್ತಿದ್ದ ಪ್ರದರ್ಶನಗಳಲ್ಲಿ ಕೆಂಡ ಹಾಯುವುದೂ ಒಂದು. ಕೊಂಡ ಹಾಯುವುದು ನಮ್ಮ ಜಾತ್ರೆಗಳಲ್ಲಿ ಹೊಸದಲ್ಲ. ಉಪವಾಸ, ಮಡಿ, ಹರಕೆ ಎಲ್ಲ ಸರಿಯಿದ್ದರೆ ಮಾತ್ರ ಕಾಲು ಸುಡದೆಂದು ನಂಬಿಕೆ. ಇಲ್ಲಿ ಹರಕೆಯೂ ಇಲ್ಲ, ಉಪವಾಸವೂ ಇಲ್ಲ. ಆದರೂ ಜನ ಹಾದುಹೋದರು. ಕಾರಣ ಕೆಂಡದಲ್ಲಿಯೇ ಇದೆ. ಸೌದೆಯ ಕೆಂಡ ಎಷ್ಟು ಕೆಂಪಗಿದ್ದರೂ ತನ್ನ ಶಾಖವನ್ನು ಬೇಗ ಬಿಟ್ಟುಕೊಡುವ ಪದಾರ್ಥವಲ್ಲ. ಹೆಜ್ಜೆ ಅದರ ಮೇಲೆ ನಿಲ್ಲುವುದು ಒಂದು ಕ್ಷಣವೂ ಅಲ್ಲ. ಹಳ್ಳಿಯ ಮುದುಕರು ಒಲೆಯ ಕೆಂಡವನ್ನು ಬರಿಗೈಯಲ್ಲಿ ಎತ್ತಿ, ಅಂಗೈಯಲ್ಲಿ ಕುಣಿಸುತ್ತಾ ಬೀಡಿ ಹೊತ್ತಿಸುತ್ತಿದ್ದುದು ಕೆಲವರಿಗೆ ನೆನಪಿರಬಹುದು. ಅದೇ ಮುದುಕರು ಕಾದ ರೊಟ್ಟಿಯ ಹಂಚನ್ನು ಮುಟ್ಟುತ್ತಿರಲಿಲ್ಲ. ಕೆಂಡದ ಜಾಗದಲ್ಲಿ ಅಷ್ಟೇ ಕಾದ ಕಬ್ಬಿಣದ ತಗಡನ್ನು ಹಾಸಿದರೆ ಯಾವ ಹರಕೆಯೂ ಕಾಲನ್ನು ಉಳಿಸದು. (ಓದಿದವರು ಇದನ್ನು ಹಿತ್ತಿಲಲ್ಲಿ ಮಾಡಿನೋಡಲು ಹೋಗಬೇಡಿ. ಕೆಂಡದಲ್ಲಿ ನಿಂತವರೂ, ಎಡವಿ ಬಿದ್ದವರೂ ಸುಟ್ಟುಕೊಂಡಿದ್ದಾರೆ.)

ಇಷ್ಟಾದರೂ ಒಂದು ಪ್ರಶ್ನೆ ಉಳಿಯಿತು. ಅದನ್ನು ನಮ್ಮ ಹಿರಿಯರು ಕೇಳಿಯೇ ಕೇಳುತ್ತಾರೆ. ದೇವರ ಭಯವೂ ಹೋದರೆ ಮನುಷ್ಯ ನಿಯತ್ತಿನಿಂದ ಇರುವುದು ಯಾತಕ್ಕಾಗಿ? ಯಾರೂ ನೋಡದ ಕಡೆ ಅವನನ್ನು ಹಿಡಿದು ನಿಲ್ಲಿಸುವವರು ಯಾರು?

ಗೋರಾ ಇದಕ್ಕೆ ಕೊಡುತ್ತಿದ್ದ ಉತ್ತರ ತಿರುಗುಮುರುಗಾದದ್ದು. ಎಲ್ಲವೂ ಹಣೆಬರಹ ಎನ್ನುವವನಿಗೆ ತನ್ನ ತಪ್ಪನ್ನು ಹೊರಿಸಲು ಒಂದು ಹೆಗಲು ಸದಾ ಸಿದ್ಧವಾಗಿರುತ್ತದೆ. ತನ್ನ ಬಾಳಿಗೆ ತಾನೇ ಯಜಮಾನನೆಂದು ಒಪ್ಪಿದವನಿಗೆ ಆ ಅನುಕೂಲವಿಲ್ಲ, ಆದ್ದರಿಂದ ಅವನು ಹೆಚ್ಚು ನೆಟ್ಟಗೆ ನಡೆಯಬೇಕಾಗುತ್ತದೆ ಎಂಬುದು ಅವರ ವಾದ. ಈ ವಾದವನ್ನು ಹಿಡಿದುಕೊಂಡು ಅವರು ಹೋದದ್ದು ದೇಶದಲ್ಲೇ ದೊಡ್ಡ ಆಸ್ತಿಕನ ಬಳಿಗೆ. 1944ರ ಕೊನೆಯಲ್ಲಿ ಸೇವಾಗ್ರಾಮದಲ್ಲಿ ಗಾಂಧೀಜಿಯನ್ನು ಕಂಡರು. ಆಮೇಲೆ ಹಲವು ಸಲ ಭೇಟಿ, ಪತ್ರವ್ಯವಹಾರ. ಅದನ್ನೆಲ್ಲ ಗೋರಾ ಬರೆದಿಟ್ಟ ಪುಸ್ತಕವನ್ನು 1951ರಲ್ಲಿ ಪ್ರಕಟಿಸಿದ್ದು ಗಾಂಧೀಜಿಯವರದೇ ನವಜೀವನ ಸಂಸ್ಥೆ. ಇಬ್ಬರಲ್ಲಿ ಯಾರೂ ಯಾರನ್ನೂ ತಮ್ಮ ಕಡೆಗೆ ಸೆಳೆದುಕೊಳ್ಳಲಿಲ್ಲ. ಆದರೆ ಒಬ್ಬರ ಪ್ರಾಮಾಣಿಕತೆಯನ್ನು ಇನ್ನೊಬ್ಬರು ಸಂದೇಹಿಸಲೂ ಇಲ್ಲ.

ಅದಕ್ಕೆ ಒಂದು ಮದುವೆ ಸಾಕ್ಷಿ. ಗೋರಾ ತಮ್ಮ ಹಿರಿಯ ಮಗಳನ್ನು ಅಸ್ಪೃಶ್ಯರೆನಿಸಿಕೊಂಡಿದ್ದ ಜಾತಿಯ ತರುಣನಿಗೆ ಕೊಡಲು ನಿಶ್ಚಯಿಸಿದ್ದರು. ಮದುವೆಯನ್ನು ಸೇವಾಗ್ರಾಮದಲ್ಲಿ ತಾವೇ ನಿಂತು ನಡೆಸುವೆನೆಂದು ಗಾಂಧೀಜಿ ಒಪ್ಪಿದರು. ಪ್ರತಿಜ್ಞೆಯಲ್ಲಿ ದೇವರ ಹೆಸರು ಬರಬಾರದೆಂದು ಗೋರಾ ಕೇಳಿಕೊಂಡಾಗ, ದೇವರ ಬದಲು ಸತ್ಯದ ಹೆಸರಿನಲ್ಲಿ ಆಗಲೆಂದರು. ಇದು ಗಾಂಧೀಜಿಗೆ ಹೊಸ ದಾರಿಯೇನೂ ಅಲ್ಲ. ದೇವರೇ ಸತ್ಯ ಎನ್ನುತ್ತಿದ್ದವರು ಸತ್ಯವೇ ದೇವರು ಎಂದು ತಿರುಗಿಸಿ ಹೇಳತೊಡಗಿ, 1931ರಲ್ಲಿಯೇ ಅದನ್ನು ವಿವರಿಸಿದ್ದರು. ಸತ್ಯವನ್ನು ನಾಸ್ತಿಕನೂ ಅಲ್ಲಗಳೆಯಲಾರನಷ್ಟೆ. ಮದುವೆಗೆ ಮುನ್ನ, 1948ರ ಜನವರಿ 30ರಂದು, ಗಾಂಧೀಜಿಯ ಕೊಲೆಯಾಯಿತು. ಮದುವೆ ನಿಲ್ಲಲಿಲ್ಲ. ಮಾರ್ಚ್ 13ರಂದು, ಅದೇ ಆಶ್ರಮದಲ್ಲಿ, ಅವರು ಒಪ್ಪಿದ್ದ ಬಗೆಯಲ್ಲೇ ನಡೆಯಿತು.

ನಮ್ಮ ನಾಡಿನಲ್ಲಿ ಈ ಪ್ರಶ್ನೆಯನ್ನು ಎತ್ತಿದವರು ಡಾ. ಎಚ್. ನರಸಿಂಹಯ್ಯನವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ ಅಮೆರಿಕದ ಒಹಾಯೊದಲ್ಲಿ ಪರಮಾಣು ಬೀಜಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದು, ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲೇ ಬ್ರಹ್ಮಚಾರಿಯಾಗಿ ಬಾಳು ಕಳೆದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸುವ ಸಮಿತಿಯೊಂದನ್ನು ರಚಿಸಿದರು. ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ, ತಮ್ಮ ಪವಾಡಗಳನ್ನು ಸಮಿತಿಯ ಮುಂದೆ ತೋರಿಸಬೇಕೆಂದು ಪತ್ರ ಬರೆದರು, ಒಂದಲ್ಲ, ಮೂರು. ಉತ್ತರ ಬರಲಿಲ್ಲ. ಪತ್ರಿಕೆಗಳಲ್ಲಿ ದೊಡ್ಡ ಗದ್ದಲವಾಯಿತು. ನಂಬಿಕೆಯ ವಿಷಯದಲ್ಲಿ ವಿಶ್ವವಿದ್ಯಾಲಯಕ್ಕೇನು ಕೆಲಸವೆಂದು ಕೆಲವರು ಕೇಳಿದರು. ವಿಚಾರಿಸಿ ನೋಡುವುದಕ್ಕಲ್ಲದೆ ವಿಶ್ವವಿದ್ಯಾಲಯ ಮತ್ತೆ ಏತಕ್ಕಿರುವುದು ಎಂದು ತಿರುಗಿ ಕೇಳಬೇಕೆನಿಸುತ್ತದೆ.

ನರಸಿಂಹಯ್ಯನವರು ಖಾದಿ ಉಟ್ಟವರು, 1942ರ ಚಳವಳಿಯಲ್ಲಿ ಜೈಲು ಕಂಡವರು. ಅವರ ಸರಳತೆಯನ್ನು ವಿರೋಧಿಗಳೂ ಆಡಿಕೊಳ್ಳಲಿಲ್ಲ. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿರೆಂದು ಸಾರುತ್ತಿದ್ದ ಮನುಷ್ಯನ ಕೋಣೆಯಲ್ಲಿ ಬಚ್ಚಿಡುವಂಥದ್ದು ಏನೂ ಇರಲಿಲ್ಲ. ದೇವಭಕ್ತರಲ್ಲಿಯೂ ಅಂಥವರು ಬೇಕಾದಷ್ಟು ಮಂದಿ ಆಗಿಹೋಗಿದ್ದಾರೆ. ಆದ್ದರಿಂದ ನಿಯತ್ತು ಆಸ್ತಿಕರ ಸ್ವತ್ತೂ ಅಲ್ಲ, ನಾಸ್ತಿಕರ ಸ್ವತ್ತೂ ಅಲ್ಲ. ಅದರ ಬೇರು ಬೇರೆಲ್ಲೋ ಇದೆ.

ಮತ್ತೆ ಗ್ಯಾರೇಜಿಗೆ ಬನ್ನಿ. ಲಾರಿಯ ಕೆಳಗೆ ಅಂಗಾತ ಮಲಗಿ ಕೆಲಸ ಮಾಡುವ ಮೇಸ್ತ್ರಿಯನ್ನು ನೋಡುವವರು ಯಾರೂ ಇಲ್ಲ. ಹಳೆಯ ಬೇರಿಂಗನ್ನೇ ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸು ತುಂಬಿ ಕೂಡಿಸಿ, ಹೊಸದರ ಬೆಲೆ ಹಚ್ಚಿದರೆ ಗಿರಾಕಿಗೆ ತಿಳಿಯುವುದು ಯಾವಾಗ? ಹಾಗೆ ಮಾಡುವ ಮನುಷ್ಯ ಕೂಡ ಮೊದಲ ದಿನ ತನ್ನನ್ನು ಕಳ್ಳನೆಂದುಕೊಳ್ಳುವುದಿಲ್ಲ. “ಇದಕ್ಕೇನಾಗಿದೆ, ಇನ್ನೂ ಒಂದು ವರ್ಷ ಓಡುತ್ತದೆ,” ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಎರಡನೆಯ ಸಲ ಅದನ್ನು ಹೇಳಿಕೊಳ್ಳುವ ಅಗತ್ಯವೂ ಇರುವುದಿಲ್ಲ. ಅಷ್ಟರಲ್ಲಿ ಅದನ್ನು ನಂಬಿಬಿಟ್ಟಿರುತ್ತಾನೆ. ಅಂಗಡಿಯ ತಕ್ಕಡಿಗೂ, ಆಫೀಸಿನ ಪ್ರಯಾಣಭತ್ಯದ ಬಿಲ್ಲಿಗೂ ಈ ಮಾತು ಸಲ್ಲುತ್ತದೆ, ಮೇಸ್ತ್ರಿಯೊಬ್ಬನನ್ನೇ ದೂರಬೇಕಾಗಿಲ್ಲ.

ಇದಕ್ಕೆ ಹೊಂದುವ ಪ್ರಯೋಗವೊಂದನ್ನು 1959ರಲ್ಲಿ ಲಿಯಾನ್ ಫೆಸ್ಟಿಂಗರ್, ಜೇಮ್ಸ್ ಕಾರ್ಲ್‌ಸ್ಮಿತ್ ಎಂಬ ಇಬ್ಬರು ಪ್ರಕಟಿಸಿದರು. ವಿದ್ಯಾರ್ಥಿಗಳಿಂದ ಗಂಟೆಯ ಹೊತ್ತು ಅತ್ಯಂತ ಬೇಸರದ ಕೆಲಸ ಮಾಡಿಸಿದರು. ಬಳಿಕ, ಹೊರಗೆ ಕಾದಿರುವವರಿಗೆ ‘ಕೆಲಸ ಬಹಳ ಸೊಗಸಾಗಿದೆ’ ಎಂದು ಸುಳ್ಳು ಹೇಳಿಸಿದರು. ಆ ಸುಳ್ಳಿಗೆ ಕೆಲವರಿಗೆ ಕೊಟ್ಟದ್ದು 20 ಡಾಲರು, ಕೆಲವರಿಗೆ ಒಂದೇ ಡಾಲರು. ಕೊನೆಯಲ್ಲಿ, ನಿಜವಾಗಿ ಕೆಲಸ ಹೇಗಿತ್ತೆಂದು ಕೇಳಿದಾಗ 20 ಡಾಲರು ಪಡೆದವರು ಬೇಸರದ್ದೆಂದರು. ಸೊಗಸಾಗಿಯೇ ಇತ್ತು ಎಂಬ ಕಡೆಗೆ ವಾಲಿದವರು ಒಂದು ಡಾಲರಿನವರು! ದೊಡ್ಡ ಮೊತ್ತಕ್ಕೆ ಸುಳ್ಳು ಹೇಳಿದವನಿಗೆ ತಾನು ಹೇಳಿದ್ದು ಸುಳ್ಳೆಂದು ಗೊತ್ತು. ಹಣಕ್ಕಾಗಿ ಹೇಳಿದೆನೆಂದು ಸಮಾಧಾನ. ಪುಡಿಗಾಸಿಗೆ ಹೇಳಿದವನಿಗೆ ಆ ನೆಪವಿಲ್ಲ. ಆದ್ದರಿಂದ ಮನಸ್ಸು ಸುಳ್ಳನ್ನೇ ನಿಜಮಾಡಿಕೊಂಡುಬಿಡುತ್ತದೆ ಎಂದು ಅವರು ವಿವರಿಸಿದರು. ಇಂಥ ಪ್ರಯೋಗಗಳನ್ನು ಆಮೇಲೆ ಮಾಡಿದವರಿಗೆಲ್ಲ ಫಲ ಒಂದೇ ಸಮನಾಗಿ ಬಂದಿಲ್ಲ. ಆದರೂ ಸಣ್ಣ ಸುಳ್ಳೆಂದು ನಾವು ಉದಾರವಾಗಿ ಬಿಟ್ಟುಬಿಡುವುದರ ಬಗ್ಗೆ ಒಮ್ಮೆ ಯೋಚಿಸುವಂತೆ ಇದು ಮಾಡುತ್ತದೆ.

ತನ್ನ ಬಗ್ಗೆ ತಾನು ಏನು ನಂಬಿದ್ದಾನೆ ಎಂಬುದರ ಮೇಲೆ ಮನುಷ್ಯನ ನಡತೆ ಇಷ್ಟು ನಿಂತಿದ್ದರೆ, ಆ ನಂಬಿಕೆಯನ್ನು ಬೇರೆಯವರೇ ಹುಟ್ಟಿದ ದಿನದಿಂದ ತಲೆಗೆ ತುಂಬಿದರೆ ಏನಾದೀತು? ವಿಜಯವಾಡದಿಂದ ಮದರಾಸಿನ ರೈಲಿನಲ್ಲಿ ಹೋಗುವಾಗ ಬಾಪಟ್ಲ, ಚೀರಾಲಗಳ ನಡುವೆ ಸ್ಟುವರ್ಟ್‌ಪುರಂ ಎಂಬ ಸಣ್ಣ ಸ್ಟೇಷನ್ನು ಸಿಗುತ್ತದೆ. 1871ರಲ್ಲಿ ಮೊದಲು ಬಂದು, 1911ರಲ್ಲಿ ಮದರಾಸು ಪ್ರಾಂತಕ್ಕೂ ಹಬ್ಬಿದ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಅಡಿಯಲ್ಲಿ, ಎರುಕಲ ಜನರನ್ನು ತಂದು ಕೂಡಿಹಾಕಲು 1913ರ ಸುಮಾರಿಗೆ ಕಟ್ಟಿದ ಊರದು. ಎರುಕಲರೆಂದರೆ ನಮ್ಮ ಕಡೆಯ ಕೊರಮ, ಕೊರಚರಿಗೆ ಹತ್ತಿರದವರು. ಉಪ್ಪು, ದವಸಗಳನ್ನು ಹೊತ್ತು ಊರೂರು ತಿರುಗುತ್ತಿದ್ದವರು, ಬುಟ್ಟಿ ಹೆಣೆಯುತ್ತಿದ್ದವರು, ಕಣಿ ಹೇಳುತ್ತಿದ್ದವರು. ರೈಲು ಬಂದು ಉಪ್ಪಿನ ವ್ಯಾಪಾರ ಕೆಟ್ಟಿತು. ಕಾಯಿದೆ ಬಂದು ಹೆಸರು ಕೆಟ್ಟಿತು. ಹೆಸರು ದಾಖಲಾದವನು ಕರೆದಾಗ ಹಾಜರಿ ಕೊಡಬೇಕು. ಊರು ಬಿಡಬೇಕಾದರೆ ಚೀಟಿ ಪಡೆಯಬೇಕು. ಕದ್ದವನಿಗೂ ಕದಿಯದವನಿಗೂ ಭೇದವಿಲ್ಲ. ಹುಟ್ಟಿದ ಜಾತಿಯೇ ಸಾಕ್ಷಿ. ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಎಂದು ಇಂದಿಗೂ ಕರೆಯುವ ಬಡಾವಣೆಯ ಮೂಲವೂ ಇಂಥದೇ.

ಕಾಯಿದೆ 1952ರಲ್ಲಿ ರದ್ದಾಯಿತು. ಹೆಸರು ರದ್ದಾಗಲಿಲ್ಲ. ಎಲ್ಲಿ ಕಳವಾದರೂ ಪೊಲೀಸರು ಮೊದಲು ಬರುವುದು ಅಲ್ಲಿಗೆ. ಆ ಊರಿನವನೆಂದರೆ ಯಾರೂ ಕೆಲಸ ಕೊಡರು. ಕೆಲಸವಿಲ್ಲದವನು ಕೊನೆಗೆ ಮಾಡುವುದು ಜನ ಮೊದಲೇ ಹೇಳಿದ್ದನ್ನೇ. ಆಗ ಜನರಿಗೆ ಸಂತೋಷ: ನಾವು ಹೇಳಲಿಲ್ಲವೇ! 8, 10, 12ರ ಆಟವೇ ಇದು. ಆದರೆ ಇಲ್ಲಿ ಅಂಕಿಗಳ ಬದಲು ಮನುಷ್ಯರಿದ್ದರು.

1970ರ ದಶಕದಲ್ಲಿ ಆ ಊರಿಗೆ ಹೋಗಿ ಕೆಲಸಕ್ಕೆ ನಿಂತವರು ಹೇಮಲತಾ ಲವಣಂ. ಗೋರಾ ಅವರ ಮಗ ಲವಣಂ ಅವರ ಪತ್ನಿ. ಪ್ರಸಿದ್ಧ ತೆಲುಗು ಕವಿ ಗುರ್ರಂ ಜಾಷುವಾ ಅವರ ಮಗಳು. ಅಸ್ಪೃಶ್ಯತೆಯ ಉರಿಯನ್ನು ತಂದೆ ಉಂಡದ್ದನ್ನು ಕಂಡವರು. ಹುಟ್ಟಿನ ಮೇಲೆ ಹೊರಿಸಿದ ಹೆಸರು ಎಷ್ಟು ಭಾರವೆಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಗಂಡಹೆಂಡಿರು ಕಟ್ಟಿದ ‘ಸಂಸ್ಕಾರ್’ ಸಂಸ್ಥೆ, ಕಳವಿನ ದಾರಿ ಹಿಡಿದಿದ್ದವರು ಅದನ್ನು ಬಿಡುವುದಕ್ಕೂ, ಬಿಟ್ಟ ಮೇಲೆ ಬೇರೆ ಜೀವನೋಪಾಯ ಹಿಡಿಯುವುದಕ್ಕೂ, ಅವರ ಮಕ್ಕಳು ಓದುವುದಕ್ಕೂ ವರ್ಷಗಟ್ಟಲೆ ದುಡಿಯಿತು. ಕಳ್ಳನಿಗೆ ಬುದ್ಧಿ ಹೇಳಿದವರು ಹಿಂದೆಯೂ ಇದ್ದರು. ನೀನು ಕಳ್ಳನಾಗಿ ಹುಟ್ಟಿದವನಲ್ಲ ಎಂಬುದನ್ನು ಅವನ ಮನೆಯಲ್ಲಿ ಕುಳಿತು ಹೇಳಿದವರು ಕಡಮೆ. ಹೇಮಲತಾ 2008ರಲ್ಲಿ ತೀರಿಕೊಂಡರು, ಲವಣಂ 2015ರಲ್ಲಿ.

ಊರು ಬಿಟ್ಟು ಬಂದ ನಮಗೆ ಇದು ದೂರದ ಸಂಗತಿಯೇನಲ್ಲ. ಎಲ್ಲಿಂದಲೋ ಬಂದವರ ಬಗ್ಗೆ ಎಲ್ಲ ಊರುಗಳಲ್ಲಿಯೂ ಒಂದೊಂದು ಸಿದ್ಧ ಅಭಿಪ್ರಾಯವಿರುತ್ತದೆ. ನಮ್ಮ ಬಗ್ಗೆಯೂ ಉಂಟು, ನಮಗಿಂತ ಆಮೇಲೆ ಬಂದವರ ಬಗ್ಗೆ ನಮ್ಮಲ್ಲಿಯೂ ಉಂಟು. ಮನೆಯಲ್ಲಿ ಲೆಕ್ಕ ಬಾರದ ಹುಡುಗನಿಗೆ ‘ನೀನು ಸ್ಪ್ಯಾನರ್ ಹಿಡಿಯಲಿಕ್ಕೇ ಲಾಯಕ್ಕು’ ಎನ್ನುವ ತಂದೆ, ಒಂದೇ ಮಾತಿನಲ್ಲಿ ಹುಡುಗನನ್ನೂ ಸ್ಪ್ಯಾನರ್ ಹಿಡಿದು ಮನೆ ನಡೆಸುವ ತನ್ನನ್ನೂ ಹಳಿದಂತಾಯಿತು. ಗ್ಯಾರೇಜುಗಳಲ್ಲಿ ಇನ್ನೊಂದು ವಾಡಿಕೆಯಿದೆ. ಸಂಜೆ ಸಾಮಾನು ಎಣಿಸುವಾಗ ಒಂದು ಸ್ಪ್ಯಾನರ್ ಕಡಮೆ ಬಿದ್ದರೆ, ಹತ್ತು ವರ್ಷದಿಂದ ಇರುವವರ ಚೀಲವನ್ನು ಯಾರೂ ನೋಡುವುದಿಲ್ಲ. ಕಳೆದ ತಿಂಗಳು ಯಾವುದೋ ಊರಿನಿಂದ ಬಂದ, ಇನ್ನೂ ಇಲ್ಲಿನ ಮಾತು ಸರಿಯಾಗಿ ಬಾರದ ಹುಡುಗನನ್ನು ಕರೆಯುತ್ತಾರೆ. ಅವನು ಚೀಲವನ್ನು ತಂದು, ಎಲ್ಲರೆದುರಿಗೆ ಕೊಡವಿ ತೋರಿಸುತ್ತಾನೆ: ಒಂದು ಟವಲು, ತೊಳೆದಿಟ್ಟ ಊಟದ ಡಬ್ಬಿ, ಊರಿಗೆ ಹೋಗುವ ಬಸ್ಸಿನ ಹಳೆಯ ಟಿಕೆಟ್ಟು.